ಹಾಲಿನ ಕಾರ್ಡಿನಲ್ಲಿ ಬರೆದ ಬಿ.ಪಿ.

ಹೊಳೆನರಸೀಪುರದ ನಮ್ಮ ಮನೆಯ ಬೀರುವಿನಲ್ಲಿ, ಅವ್ವನ ಸೀರೆಗಳ ಕೆಳಗೆ, ಎರಡು ಪ್ಲಾಸ್ಟಿಕ್ ಕವರುಗಳಿದ್ದವು. ಒಂದರಲ್ಲಿ ನನ್ನ ಮಾರ್ಕ್ಸ್ ಕಾರ್ಡುಗಳು, ಇನ್ನೊಂದರಲ್ಲಿ ನನ್ನ ತಂಗಿಯವು. ನನ್ನವಕ್ಕೆ ನಾನೇ ಲ್ಯಾಮಿನೇಷನ್ ಮಾಡಿಸಿದ್ದೆ. ಅವಳವು ನಾಲ್ಕು ಮಡಿಕೆಯಾಗಿ, ಮಡಿಕೆಯ ಗೆರೆಯಲ್ಲಿ ಹರಿಯುವಂತಾಗಿದ್ದವು. ಇಬ್ಬರೂ ಹಾಸನದ ಒಂದೇ ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿದವರು. ನಾನು ಎರಡು ವರ್ಷ ಮುಂದೆ. ನನಗೆ ಎಪ್ಪತ್ತಾರು ಪರ್ಸೆಂಟು. ಅವಳಿಗೆ ಐವತ್ತಮೂರು, ಅದೂ ಎರಡು ವಿಷಯಗಳನ್ನು ಎರಡನೇ ಸಲ ಬರೆದ ಮೇಲೆ.

ಅವಳು ದಡ್ಡಿಯಲ್ಲ. ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೇ ಒಂದು ಗಂಟೆ ಬರೆಯುತ್ತಿದ್ದಳು. ಗೊತ್ತಿದ್ದದ್ದನ್ನೆಲ್ಲ ಬರೆದು ಮುಗಿಸದೆ ಎರಡನೆಯದಕ್ಕೆ ಹೋಗಲು ಅವಳಿಂದ ಆಗುತ್ತಿರಲಿಲ್ಲ. ಕೊನೆಯ ಪ್ರಶ್ನೆಗಳು ಹಾಗೆಯೇ ಉಳಿಯುತ್ತಿದ್ದವು. ನಾನು ಗಡಿಯಾರ ನೋಡಿಕೊಂಡು ಬರೆಯುತ್ತಿದ್ದೆ. ನಮ್ಮಿಬ್ಬರ ನಡುವೆ ಇಪ್ಪತ್ತಮೂರು ಪರ್ಸೆಂಟಿನ ಅಂತರವಿತ್ತು. ಆ ಅಂತರದಲ್ಲಿ ನಾನು ಬಹಳ ವರ್ಷ ಸುಖವಾಗಿದ್ದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದೆಲ್ಲ ಇದರಿಂದಲೇ ಆದದ್ದು.

ಓದು ಮುಗಿದ ಮೇಲೆ ನಾನು ಹಾಸನದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ತಂಗಿಗೆ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಕೆಲಸ ಸಿಕ್ಕಿತು. ಆ ಊರಿನಲ್ಲೇ ಒಂದು ರೂಮು ಮಾಡಿಕೊಂಡಳು. ನನಗೆ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಓದಬೇಕೆಂದು ಆಸೆ. ಮೂರು ವರ್ಷದಿಂದ ಅದನ್ನು ಮನೆಯಲ್ಲೂ ಕಾಲೇಜಿನಲ್ಲೂ ಹೇಳಿಕೊಂಡು ಬಂದಿದ್ದೆ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಕೆಲಸದ ಅನುಭವ ಇದ್ದವರಿಗೆಂದೇ ಕೆಲವು ಸೀಟುಗಳಿದ್ದವು. ಆ ವರ್ಷ ಅರ್ಜಿ ಹಾಕುವುದೆಂದು ತೀರ್ಮಾನಿಸಿದ್ದೆ. ತಂಗಿಗೂ ಅಂಥ ಆಸೆ ಇರಬಹುದೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅವಳ ಊರಿಗೆ ಹೋದೆ. ಮರುದಿನ ಬೆಳಿಗ್ಗೆ ಅವಳು ಹೆಗಲಿಗೆ ಚೀಲ ಹಾಕಿಕೊಂಡು, "ಬಾ ಅಕ್ಕ, ಡೈರಿಗೆ ಹೋಗ್ಬರೋಣ," ಎಂದಳು. ಹಾಲಿಗೆ ಕರೆಯುತ್ತಿದ್ದಾಳೆ ಅಂದುಕೊಂಡೆ. ಚೀಲದಲ್ಲಿ ಬಿ.ಪಿ. ನೋಡುವ ಮಿಷನ್ನು ಇತ್ತು.

ಊರಿನವರು ಉಪಕೇಂದ್ರಕ್ಕೆ ಬರುತ್ತಿರಲಿಲ್ಲವಂತೆ. ಬಂದರೂ ಕಾಯುತ್ತಿರಲಿಲ್ಲ. ಆದರೆ ಬೆಳಿಗ್ಗೆ ಆರಕ್ಕೆಲ್ಲ ಪ್ರತಿ ಮನೆಯಿಂದ ಒಬ್ಬರು ಕ್ಯಾನು ಹಿಡಿದು ಡೈರಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತಾರೆ. ಇವಳು ಅಲ್ಲೇ ಒಂದು ಬೆಂಚು ಹಾಕಿಕೊಂಡು ಕೂತಳು. ಹಾಲು ಅಳೆದು, ಫ್ಯಾಟ್ ಎಷ್ಟು ಬಂತೆಂದು ಡೈರಿಯವನು ಅವರವರ ಹಾಲಿನ ಕಾರ್ಡಿನಲ್ಲಿ ಬರೆದುಕೊಡುವುದು ಅಲ್ಲಿನ ಪದ್ಧತಿ. ಕಾರ್ಡು ಹಿಡಿದುಕೊಂಡು ಅವರು ಇವಳ ಬೆಂಚಿಗೆ ಬರುತ್ತಿದ್ದರು. ಇವಳು ತೋಳಿಗೆ ಪಟ್ಟಿ ಸುತ್ತಿ, ಸ್ಟೆತಸ್ಕೋಪ್ ಇಟ್ಟು ಕೇಳಿ, ಅದೇ ಕಾರ್ಡಿನ ಅಂಚಿನಲ್ಲಿ ಬಿ.ಪಿ. ಬರೆಯುತ್ತಿದ್ದಳು. ಮೊದಲು ಬೇರೆ ಚೀಟಿ ಕೊಡುತ್ತಿದ್ದಳಂತೆ. ಎಲ್ಲರೂ ಕಳೆದರು. ಹಾಲಿನ ಕಾರ್ಡನ್ನು ಮಾತ್ರ ಆ ಊರಿನಲ್ಲಿ ಯಾರೂ ಕಳೆಯುವುದಿಲ್ಲ.

ನಾನು ಸ್ವಲ್ಪ ದೂರದಲ್ಲಿ, ಖಾಲಿ ಕ್ಯಾನುಗಳ ಪಕ್ಕ ನಿಂತಿದ್ದೆ. ರೋಗಿಯ ದಾಖಲೆಯನ್ನು ಹಾಲಿನ ಕಾರ್ಡಿನಲ್ಲಿ ಬರೆಯುವುದು ತಪ್ಪು ಎಂಬುದು ನನ್ನ ಮೊದಲ ಯೋಚನೆ. ಇದು ನನಗೇಕೆ ಹೊಳೆದಿರಲಿಲ್ಲ ಎಂಬುದು ಎರಡನೆಯದು. ಸಾಲು ನೋಡಿದೆ. ಹೆಂಗಸರು ಅವಳೊಂದಿಗೆ ಜಗಳವಾಡುತ್ತಿದ್ದರು, ನಗುತ್ತಿದ್ದರು. ನನ್ನ ತರಗತಿಯಲ್ಲಿ ಯಾರೂ ನನ್ನ ಮುಂದೆ ಹಾಗೆ ಮಾತಾಡಿದ್ದಿಲ್ಲ.

ಅರವತ್ತರ ಆಸುಪಾಸಿನ ಒಬ್ಬ ರೈತ ಬೆಂಚಿಗೆ ಬಂದರು. ಹೆಗಲ ಮೇಲೆ ಹಸಿರು ಗೆರೆಯ ಟವೆಲ್ಲು. ತಂಗಿ ಎರಡು ಸಲ ನೋಡಿದಳು.

"ಜಾಸ್ತಿ ಐತೆ ಕಣಣ್ಣ. ನೂರಾ ಎಂಬತ್ತೆಂಟು. ಇವತ್ತೇ ಸೆಂಟರ್ ತಾವ ಬಾ, ಮಾತ್ರೆ ಕೊಡ್ತೀನಿ."

"ಆಯ್ತು ಕಣವ್ವ, ಬತ್ತೀನಿ."

ಅವಳು ಮುಂದಿನವರ ತೋಳಿಗೆ ಪಟ್ಟಿ ಸುತ್ತಿ, ಸ್ಟೆತಸ್ಕೋಪನ್ನು ಕಿವಿಗೆ ಹಾಕಿಕೊಂಡಳು. ಆ ರೈತ ಕಾರ್ಡು ನೋಡಿಕೊಳ್ಳುತ್ತ ಕ್ಯಾನುಗಳ ಕಡೆಗೆ, ನಾನು ನಿಂತಿದ್ದಲ್ಲಿಗೆ ಬಂದರು. ಅಲ್ಲಿ ಅವರ ಸ್ನೇಹಿತ ಬೀಡಿ ಹಚ್ಚುತ್ತಿದ್ದ.

"ನಂದು ನೂರಾ ಎಂಬತ್ತೆಂಟು ಕಣ್ಲಾ. ನಿಂದೆಷ್ಟು?"

"ನೂರಾ ಇಪ್ಪತ್ತು."

"ಅಷ್ಟೇಯಾ? ಏನ್ಲಾ, ಮೈಗೂ ನೀರು ಬೆರೆಸ್ಕಂಡಿದ್ದೀಯಾ?"

"ಓಗಲೋ. ನಿಮ್ಮನೇಲಿ ಇಂಡಿ ಬೂಸ ತಿನ್ನೋದು ಎಮ್ಮೆನೋ ನೀನೋ?"

"ಓದ ತಿಂಗ್ಳು ನೂರಾ ಎಪ್ಪತ್ತಿತ್ತು. ಈಗ ಏರೈತೆ. ಜಾಸ್ತಿ ಐತೆ ಅಂತ ನರ್ಸವ್ವನೇ ಏಳ್ತು. ಮಾತ್ರೆ ಬೇರೆ ಕೊಡ್ತದಂತೆ."

"ಎಲಾ ಇವ್ನ. ಬವುಮಾನವಾ?"

ಇಬ್ಬರೂ ನಕ್ಕರು. ನಾನೂ ನಕ್ಕೆ. ನಗುತ್ತಿದ್ದಾಗಲೇ ಆ ರೈತನ ಮುಖ ನೋಡಿದೆ. ಸ್ನೇಹಿತ ತಮಾಷೆ ಮಾಡುತ್ತಿದ್ದ, ಅವರು ಮಾಡುತ್ತಿರಲಿಲ್ಲ. ಕಾರ್ಡನ್ನು ಅಂಗಿಯ ಜೇಬಿಗೆ ಇಟ್ಟುಕೊಂಡು ಮೇಲಿನಿಂದ ಎರಡು ಸಲ ತಟ್ಟಿಕೊಂಡರು. ಒಂದೇ ಕಾರ್ಡು, ಅದರಲ್ಲಿ ಎರಡು ಅಂಕಿ. ಫ್ಯಾಟಿನ ಅಂಕಿ ಏರಿದರೆ ಹಾಲಿಗೆ ಹೆಚ್ಚು ದರ. ಪಕ್ಕದ ಅಂಕಿ ಏರಿದರೂ ಒಳ್ಳೆಯದೇ ಎಂದು ಅವರು ತಿಳಿದಿದ್ದರು. ಮನೆ ಮನೆಯ ಹಾಲು ಅಳೆದು ಬದುಕುವ ಊರಿನಲ್ಲಿ ಇದಕ್ಕಿಂತ ಸಹಜವಾದ ತಪ್ಪು ಇನ್ನೊಂದಿಲ್ಲ. ಇದು ನನಗೆ ಅಲ್ಲೇ, ಆ ಕ್ಷಣದಲ್ಲೇ ಗೊತ್ತಾಯಿತು. ತಂಗಿಯ ಕಿವಿಯಲ್ಲಿ ಸ್ಟೆತಸ್ಕೋಪ್ ಇತ್ತು. ಅವಳಿಗೆ ಏನೂ ಕೇಳಿಸಿರಲಿಲ್ಲ.

ರೂಮಿಗೆ ಹೋದ ಮೇಲೆ ಹೇಳೋಣ ಅಂದುಕೊಂಡೆ. ದಾರಿಯಲ್ಲಿ ಒಬ್ಬ ಹೆಂಗಸು ಮಡಿಲಿನಿಂದ ಬದನೆಕಾಯಿ ತೆಗೆದು ತಂಗಿಯ ಚೀಲಕ್ಕೆ ಹಾಕಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇವ್ರ್ಯಾರು ನರ್ಸವ್ವ?"

"ನಮ್ಮಕ್ಕ. ಅವಳೂ ನರ್ಸೇ. ಕಾಲೇಜಲ್ಲಿ ಪಾಠ ಹೇಳ್ಕೊಡ್ತಾಳೆ."

"ಅಂಗಾ? ಬಿ.ಪಿ. ನೋಡಕ್ಕೆ ಬತ್ತದಾ ಇವ್ರಿಗೆ?"

ತಂಗಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕಂತೆ ಮಾಡಿದೆ.

ರೂಮಿನಲ್ಲಿ ಅವಳು ಅಕ್ಕಿರೊಟ್ಟಿ ತಟ್ಟತೊಡಗಿದಳು. ನಾನು ತಟ್ಟೆ ಮುಂದಿಟ್ಟುಕೊಂಡು ಕೂತೆ. 'ಆ ಹಸಿರು ಟವೆಲಿನವರು' ಎಂದು ಮಾತು ಶುರುಮಾಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, ನನ್ನ ಕಡೆ ಬೆನ್ನು ಹಾಕಿಕೊಂಡೇ, ಹೇಳಿದಳು.

"ಅಕ್ಕ, ಬೈಬೇಡ. ನಾನೂ ಅರ್ಜಿ ಹಾಕ್ತಿದೀನಿ. ನೀನು ಹೇಳ್ತಿದ್ಯಲ್ಲ, ಅದೇ ಕೋರ್ಸಿಗೆ."

"ನಿಂಗೆ ಮಾರ್ಕ್ಸು?"

"ಐವತ್ತಿದ್ರೆ ಸಾಕಂತೆ. ನಂದು ಐವತ್ತಮೂರಿದೆಯಲ್ಲ. ಅರವತ್ತಕ್ಕಿಂತ ಕಡಿಮೆ ಇರೋರು, ಯಾಕೆ ಕಡಿಮೆ ಬಂತು, ಈಗ ಏನು ಕೆಲಸ ಮಾಡ್ತಿದೀವಿ ಅಂತ ಎರಡು ಪುಟ ಬರ್ದು ಕೊಡ್ಬೇಕಂತೆ. ನೀನು ತಿದ್ದಿಕೊಡ್ತೀಯಾ?"

"ಆಯ್ತು," ಎಂದೆ.

ಬಿಸಿ ರೊಟ್ಟಿ ತಟ್ಟೆಗೆ ಬಿತ್ತು. ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿ. ನಾನು ತಿಂದೆ. ಹೇಳಬೇಕಾದ ಮಾತು ಹೇಳದೆ ಉಳಿಯಿತು. ಮರೆತೆ ಎಂದು ಬರೆದರೆ ಯಾರೂ ಅನುಮಾನಿಸುವುದಿಲ್ಲ. ಆದರೆ ಮರೆತಿರಲಿಲ್ಲ. ಅರಕಲಗೂಡು ಬಸ್‌ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸಿಗೆ ಕಾಯುವಾಗಲೂ ಅದೇ ತಲೆಯಲ್ಲಿತ್ತು. ಫೋನು ತೆಗೆದೆ. ಅವಳ ನಂಬರಿನವರೆಗೂ ಹೋದೆ. 'ಇಷ್ಟು ದೊಡ್ಡ ಕೆಲಸ ಮಾಡುವವಳು ಇದನ್ನೂ ತಾನೇ ಕಂಡುಕೊಳ್ಳಲಿ' ಎಂಬ ಮಾತು, ಇದೇ ಪದಗಳಲ್ಲಿ, ಮನಸ್ಸಿನಲ್ಲಿ ಬಂತು. ಫೋನನ್ನು ಬ್ಯಾಗಿಗೆ ಹಾಕಿದೆ. ಬಸ್ಸು ಬಂತು, ಹತ್ತಿದೆ.

ಹನ್ನೆರಡು ದಿನಗಳ ಮೇಲೆ ತಂಗಿಯ ಫೋನು ಬಂತು. ನಾನು ಕಾಲೇಜಿನಲ್ಲಿದ್ದೆ, ಕಾರಿಡಾರಿಗೆ ಬಂದು ಎತ್ತಿದೆ. ಆ ರೈತ ಬೆಳಿಗ್ಗೆ ಎಮ್ಮೆಗೆ ನೀರು ಇಡುವಾಗ ಬಿದ್ದಿದ್ದರು. ಲಕ್ವ. ಬಲಗೈ ಏಳುತ್ತಿಲ್ಲ, ಮಾತು ತೊದಲುತ್ತಿದೆ. ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆ, ಜೀವಕ್ಕೆ ಅಪಾಯವಿಲ್ಲ ಎಂದಳು. ಅವರು ಆ ದಿನ ಮಾತ್ರೆಗೆ ಬಂದಿರಲಿಲ್ಲ. ಇವಳೇ ಎರಡು ಸಲ ಮನೆಗೆ ಹುಡುಕಿಕೊಂಡು ಹೋಗಿದ್ದಳು. ಎರಡು ಸಲವೂ ಹೊಲದಲ್ಲಿದ್ದರು. ಮನೆಯವರಿಗೆ ಹೇಳಿ ಬಂದಿದ್ದಳು. ಈಗ ಅವರ ಹೆಂಡತಿ ಎಲ್ಲವನ್ನೂ ಹೇಳಿದ್ದರು.

"ಜಾಸ್ತಿ ಇದ್ರೆ ಒಳ್ಳೇದು ಅನ್ಕೊಂಡಿದ್ರಂತೆ ಅಕ್ಕ. ಫ್ಯಾಟ್ ಥರ. ಊರಿಗೇ ನಂದು ಫಸ್ಟು ಅಂತ ಹೇಳ್ಕೊಂಡು ಓಡಾಡಿದ್ರಂತೆ. ಅದೇ ಕಾರ್ಡಲ್ಲಿ ಬರ್ದೋಳು ನಾನು. ಜಾಸ್ತಿ ಐತೆ ಅಂತ ಹೇಳಿದ್ದೂ ನಾನೇ. ನಂಗೆ ಯಾಕೆ ಹೊಳೀಲಿಲ್ಲ?"

ಅವಳು ಅಳುತ್ತಿದ್ದಳು. ಗೋಡೆಯ ಮೇಲೆ ನಮ್ಮ ವಿದ್ಯಾರ್ಥಿಗಳು ಬರೆದ ರಕ್ತದೊತ್ತಡದ ಚಾರ್ಟು ಇತ್ತು. ನಾನೇ ತಿದ್ದಿ ಹಾಕಿಸಿದ್ದು. ಅದನ್ನು ನೋಡುತ್ತ ಹೇಳಿದೆ: "ನಿಂಗೆ ಹೇಗೆ ಗೊತ್ತಾಗ್ಬೇಕು, ಬಿಡು."

ಆಮೇಲೆ ಬಹಳ ದಿನ ಆ ಮಾತು ನನ್ನ ಕಿವಿಯಲ್ಲಿತ್ತು. ನಾನು ಹೇಳಿದ್ದರೆ ಅವರು ಮಾತ್ರೆ ತೆಗೆದುಕೊಳ್ಳುತ್ತಿದ್ದರೇ, ತೆಗೆದುಕೊಂಡಿದ್ದರೆ ಬೀಳುತ್ತಿರಲಿಲ್ಲವೇ? ಖಚಿತವಾಗಿ ಯಾರೂ ಹೇಳಲಾರರು. ಪಾಠ ಹೇಳುವವಳಾಗಿ ನನಗೆ ಅದು ಗೊತ್ತು. ಹನ್ನೆರಡು ದಿನವಿತ್ತು ಎಂಬುದೂ ಗೊತ್ತು.

ತಂಗಿ ಮರುದಿನದಿಂದಲೇ ಹಾಲಿನ ಕಾರ್ಡಿನಲ್ಲಿ ಬರೆಯುವುದನ್ನು ನಿಲ್ಲಿಸಿದಳು. ಮುಂದೇನು ಮಾಡುವುದೆಂದು ತಿಳಿಯದೆ ಒಂದು ವಾರ ಕೂತಿದ್ದಳು. ರೈತನ ಹೆಂಡತಿ ಆಸ್ಪತ್ರೆಯಲ್ಲಿ ಅವಳಿಗೆ ಒಂದು ಮಾತು ಹೇಳಿದ್ದರು: "ತೆಂಗಿನ ಮರದಿಂದ ಬಿದ್ದಂಗೆ ಬಿದ್ಬುಟ್ರು ಕಣವ್ವ." ಅದನ್ನು ಹಿಡಿದುಕೊಂಡು ಅವಳು ರಟ್ಟಿನ ಚೀಟಿಗಳ ಮೇಲೆ ತೆಂಗಿನ ಮರ ಬರೆದಳು. ಕಾಂಡದ ಮೇಲೆ ಅಡ್ಡ ಗೆರೆಗಳು. ಬಿ.ಪಿ. ಜಾಸ್ತಿ ಇದ್ದವರಿಗೆ ಗೊನೆಯ ಹತ್ತಿರ ಕೆಂಪು ಚುಕ್ಕೆ, ಕಡಿಮೆಯಾದಂತೆ ಚುಕ್ಕೆ ಕೆಳಗೆ. ಅಂಕಿ ಓದಲು ಬಾರದವರಿಗೂ ತೆಂಗಿನ ಮರದ ಎತ್ತರ ಗೊತ್ತು. ಅಲ್ಲಿ ಹೆಚ್ಚು ಹೊತ್ತು ಇರಬಾರದೆಂಬುದೂ ಗೊತ್ತು.

ಒಂದು ತಿಂಗಳಿನಲ್ಲಿ ಡೈರಿಯ ಸಾಲಿನ ಮಾತು ಬದಲಾಯಿತಂತೆ. ಅವಳೇ ಫೋನಿನಲ್ಲಿ ಅನುಕರಿಸಿ ಹೇಳುತ್ತಿದ್ದಳು.

"'ಎಲ್ಲಿದ್ದೀಯಲಾ ಇವತ್ತು?' 'ಗೊನೆ ತಾವಿವ್ನಿ.' 'ಇಳಿಯಲಾ ಮೊದ್ಲು, ನಿನ್ನೆಂಡ್ತಿ ಕೆಳಗೆ ಕಾಯ್ತಾವ್ಳೆ.' ಹಿಂಗೆ ಅಕ್ಕ. ಮಾತ್ರೆ ತಗೊಳ್ಳೋಕೆ ಅವ್ರೇ ಬರ್ತಾರೆ ಈಗ."

ನಾನು ಒಳ್ಳೆಯದಾಯಿತು ಎಂದೆ. ಆಗ ನನಗಿದ್ದದ್ದು ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ. ಒಬ್ಬ ಮನುಷ್ಯ ಬಿದ್ದ ಜಾಗದಿಂದಲೂ ಅವಳು ಏನೋ ಒಂದನ್ನು ಎತ್ತಿಕೊಂಡು ಬಂದಿದ್ದಳು. ಅವಳು ಅತ್ತದ್ದರ ಮೇಲೂ ನನಗೆ ಅಸೂಯೆಯಿತ್ತು, ಯಾಕೆಂದರೆ ಅವಳು ಅಳಬಲ್ಲವಳಾಗಿದ್ದಳು.

ಅರ್ಜಿಯ ಕೊನೆಯ ವಾರ ಇಬ್ಬರೂ ಹೊಳೆನರಸೀಪುರದ ಮನೆಯಲ್ಲಿದ್ದೆವು. ಅವಳು ಬರೆದ ಎರಡು ಪುಟಗಳನ್ನು ನನ್ನ ಮುಂದಿಟ್ಟಳು. ನಾನು ಅಭ್ಯಾಸದಂತೆ ಕೆಂಪು ಪೆನ್ನು ತೆಗೆದೆ. ಮೊದಲ ಪುಟದಲ್ಲಿ ಮಾರ್ಕ್ಸಿನ ವಿಷಯ. ನೆಪಗಳಿರಲಿಲ್ಲ. ಮೊದಲ ಪ್ರಶ್ನೆಗೆ ಒಂದು ಗಂಟೆ ಬರೆಯುತ್ತಿದ್ದೆ ಎಂದೇ ಬರೆದಿದ್ದಳು. ಎರಡನೆಯ ಪುಟದಲ್ಲಿ ಡೈರಿ, ಹಾಲಿನ ಕಾರ್ಡು, ಆ ರೈತ, ತೆಂಗಿನ ಮರ. 'ನನ್ನ ಅಂಕಿಯನ್ನು ಅವರು ಹೇಗೆ ಓದುತ್ತಾರೆಂದು ನಾನು ಕೇಳಲಿಲ್ಲ' ಎಂಬ ವಾಕ್ಯವಿತ್ತು.

ಮೂರು ಸಲ ಓದಿದೆ. ಈ ಪುಟ ಇದ್ದರೆ ಅವಳಿಗೆ ಸೀಟು ಸಿಗುತ್ತದೆ ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ಪುಟದ ಮೇಲಿನಿಂದ ಕೆಳಗಿನವರೆಗೆ ಒಂದು ಓರೆ ಗೆರೆ ಎಳೆದೆ.

"ಇದು ಬೇಡ."

"ಯಾಕಕ್ಕ? ಆಗಿದ್ದೇ ಅಲ್ವಾ?"

"ತಪ್ಪು ಮಾಡ್ದೆ ಅಂತ ನೀನೇ ಬರ್ಕೊಟ್ರೆ ಯಾರು ಸೀಟು ಕೊಡ್ತಾರೆ? ಮೊದ್ಲೇ ಐವತ್ತಮೂರು. ಎಷ್ಟು ಜನಕ್ಕೆ ಬಿ.ಪಿ. ನೋಡ್ದೆ, ಯಾವ್ಯಾವ ರಿಜಿಸ್ಟರ್ ಇಟ್ಟಿದೀಯ, ಅದನ್ನ ಬರಿ."

ಕಾಯಿ ತುರಿಯುತ್ತಿದ್ದ ಅವ್ವ ಅಲ್ಲಿಂದಲೇ ಕೂಗಿದರು: "ಅಕ್ಕ ಹೇಳ್ದಂಗೆ ಕೇಳು ಕಣೇ. ಓದಿರೋಳು ಅವ್ಳು."

"ನಾನೇನು ಎಮ್ಮೆ ಮೇಯಿಸಿದ್ನಾ?"

"ನೀನು ಓದಿದ್ದ ಕಂಡಿಲ್ವಾ ನಾನು? ಪುಸ್ತಕ ಎದೆ ಮೇಲೆ ಆಕ್ಕಂಡು ಗೊರಕೆ ಒಡೀತಿದ್ದೆ."

ತಂಗಿ ನಕ್ಕು ಪುಟವನ್ನು ಮಡಿಸಿದಳು. ನಾನು ಹೇಳಿದ ಹಾಗೆಯೇ ಹೊಸದಾಗಿ ಬರೆದಳು. ಆ ಗೆರೆ ಎಳೆಯಲು ನನಗೆ ಎರಡು ಕಾರಣಗಳಿದ್ದವು. ಸೀಟಿನದು ಒಂದು. ಆ ಪುಟದೊಳಗೆ ನಾನೂ ಇದ್ದೆ ಎಂಬುದು ಇನ್ನೊಂದು. ಕ್ಯಾನುಗಳ ಪಕ್ಕದಲ್ಲಿ, ನಗುತ್ತ. ಬರೆದವಳಿಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ಇಬ್ಬರಿಗೂ ಒಂದೇ ದಿನ ಸಂದರ್ಶನಕ್ಕೆ ಕರೆ ಬಂತು. ಬೆಂಗಳೂರಿಗೆ ಒಟ್ಟಿಗೇ ಹೋದೆವು. ಮಾರ್ಕ್ಸಿನ ಕ್ರಮದಲ್ಲಿ ಒಳಗೆ ಕರೆಯುತ್ತಿದ್ದರು. ನನ್ನದು ಎರಡನೆಯದು, ತಂಗಿಯದು ಎಲ್ಲಕ್ಕಿಂತ ಕೊನೆಯದು. ಒಳಗೆ ಮೂವರಿದ್ದರು. ಪುಸ್ತಕದ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರಿಸಿದೆ. ಆಮೇಲೆ ನಡುವೆ ಕೂತಿದ್ದ ವಯಸ್ಸಾದ ಮೇಡಂ, "ನಿಮ್ಮ ಕೆಲಸದಲ್ಲಿ ನಿಮ್ಮಿಂದಾದ ಒಂದು ತಪ್ಪು ಹೇಳಿ," ಎಂದರು.

ಹಸಿರು ಗೆರೆಯ ಟವೆಲ್ಲು ಕಣ್ಣ ಮುಂದೆ ಬಂತು. ಜೇಬು ತಟ್ಟಿಕೊಂಡ ಕೈ ಬಂತು. ಅದು ಬಲಗೈ.

"ಹೇಳಿಕೊಳ್ಳುವಂಥದ್ದು ಯಾವುದೂ ಇಲ್ಲ ಮೇಡಂ," ಎಂದೆ.

ಅವರು ಹಾಳೆಯ ಮೇಲೆ ಏನೋ ಬರೆದರು. ಒಂದೇ ಪದದಷ್ಟು ಚಿಕ್ಕದು.

ತಂಗಿ ಒಳಗೆ ಹೋಗಿ ಬಹಳ ಹೊತ್ತಾಯಿತು. ನಾನು ಹೊರಗಿನ ಕುರ್ಚಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದೆ. ಒಳಗಿನಿಂದ ಒಂದು ಸಲ ನಗು ಕೇಳಿಸಿತು, ಮೂವರದೂ. ಅವಳು ಹೊರಗೆ ಬಂದಾಗ ಕೈಯಲ್ಲಿದ್ದ ಕವರು ತೆಳ್ಳಗಾಗಿತ್ತು.

ವಾಪಸು ಬರುವಾಗ ಬಸ್ಸು ಹಿರೀಸಾವೆಯಲ್ಲಿ ಹೋಟೆಲಿನ ಮುಂದೆ ನಿಂತಿತು. ಕಾಫಿ ತೆಗೆದುಕೊಂಡು ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂತೆವು.

"ಅಕ್ಕ, ಬೈಬೇಡ. ನೀನು ತೆಗೆಸಿದ್ದನ್ನ ನಾನು ಬಾಯಲ್ಲಿ ಹೇಳ್ಬಿಟ್ಟೆ. ಒಂದು ತಪ್ಪು ಹೇಳಿ ಅಂದ್ರು. ಸುಳ್ಳು ಹೇಳೋಕೆ ಬರ್ಲಿಲ್ಲ. ತೆಂಗಿನಮರದ ಚೀಟಿಗಳನ್ನ ತೋರ್ಸಿದೆ, ಅವ್ರೇ ಇಟ್ಕೊಂಡ್ರು. ನಿಂಗೂ ಅದೇ ಕೇಳಿದ್ರಾ?"

"ಕೇಳಿದ್ರು."

"ಏನ್ ಹೇಳ್ದೆ?"

"ಏನೋ ಒಂದು ಹೇಳ್ದೆ."

ಅವಳು ಕಾಫಿ ಊದಿಕೊಂಡು ಕುಡಿದಳು. ಈಗ ಹೇಳಿಬಿಡಬೇಕು ಅನ್ನಿಸಿತು. ಕಂಡಕ್ಟರು, "ಹಾಸನ, ಹಾಸನ, ಯಾರಮ್ಮ ಅದು ಕಾಫಿ ಬಿತ್ತಿ ಬೆಳೀತಿರೋದು, ಬನ್ರೀ," ಎಂದು ಕೂಗಿದ. ಎದ್ದು ಹೋದೆವು. ಚನ್ನರಾಯಪಟ್ಟಣ ದಾಟುವ ಹೊತ್ತಿಗೆ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಅವಳ ತಲೆಯ ಭಾರ ನನಗೆ ತಡೆಯಲಾಗಲಿಲ್ಲ. ಸರಿಸಲೂ ಇಲ್ಲ.

ಎರಡು ವಾರದಲ್ಲಿ ಪಟ್ಟಿ ಬಂತು. ಆಯ್ಕೆಯಾದವರಲ್ಲಿ ತಂಗಿ ಇದ್ದಳು. ನಾನು ವೇಟಿಂಗ್ ಲಿಸ್ಟಿನಲ್ಲಿ ಮೊದಲನೆಯವಳು. ಆಯ್ಕೆಯಾದ ಯಾರಾದರೂ ಬೇಡವೆಂದರೆ ಆ ಸೀಟು ನನಗೆ.

ಆ ಭಾನುವಾರ ಹೊಳೆನರಸೀಪುರಕ್ಕೆ ಹೋದೆ. ತಂಗಿ ನನಗಿಂತ ಮೊದಲೇ ಬಂದಿದ್ದಳು. ಅವ್ವ ಇಬ್ಬರಿಗೂ ಊಟ ಬಡಿಸಿ, ಅವಳನ್ನು ನೋಡಿಕೊಂಡು ಹೇಳಿದರು.

"ಚಿಕ್ಕೋಳೇ, ಈ ವರ್ಷ ಅಕ್ಕಂಗೆ ಬುಟ್ಕೊಡು. ಮೂರು ವರ್ಷದಿಂದ ಜಪ ಮಾಡ್ತಾವ್ಳೆ. ನಿಂಗೆ ಅದೃಷ್ಟದಲ್ಲಿ ಬಂತು, ಮುಂದಿನ ವರ್ಷನೂ ಬತ್ತದೆ."

ಅನ್ನ ಕಲಸುತ್ತಿದ್ದ ತಂಗಿಯ ಕೈ ನಿಂತಿತು. ಊಟವಾದ ಮೇಲೆ ಅವ್ವ ಹಿತ್ತಲಿಗೆ ಪಾತ್ರೆ ತೆಗೆದುಕೊಂಡು ಹೋದರು. ಅವಳು ನನ್ನ ಪಕ್ಕ ಬಂದು ಕೂತು ಫೋನನ್ನು ನನ್ನ ಕೈಗೆ ಕೊಟ್ಟಳು.

"ನಾಳೆ ಸಂಜೆ ಒಳಗೆ ಹೇಳ್ಬೇಕಂತೆ. ಬರ್ದಿದೀನಿ. ಇಂಗ್ಲಿಷ್ ಸರಿ ಇದ್ಯಾ ನೋಡು, ಕಳಿಸ್ಬಿಡ್ತೀನಿ."

ಸೀಟು ಬೇಡವೆಂದು ಬರೆದ ನಾಲ್ಕು ಸಾಲಿನ ಮೇಲ್ ಅದು. ನಿಧಾನವಾಗಿ ಓದಿದೆ. ಇಂಗ್ಲಿಷ್ ಸರಿಯಾಗಿತ್ತು. ಕೆಳಗೆ ಕಳಿಸುವ ಬಟನ್ನು ನನ್ನ ಹೆಬ್ಬೆರಳಿನ ಹತ್ತಿರವೇ ಇತ್ತು. 'ಸರಿ ಇದೆ' ಎಂದಿದ್ದರೆ ಮುಗಿಯುತ್ತಿತ್ತು.

"ನಿಂಗೆ ಆಸೆ ಇಲ್ವಾ?" ಎಂದು ಕೇಳಿದೆ.

"ಇಲ್ದೆ ಏನು. ಆದ್ರೆ ನೀನು ದೊಡ್ಡೋಳು."

ಆಗ ಅವಳ ಮುಖ ನೋಡಿದೆ. ನಿಜವಾಗಿಯೂ ಕೊಟ್ಟುಬಿಡುತ್ತಿದ್ದಳು. ಅದನ್ನು ತಡೆದುಕೊಳ್ಳುವುದು ನನ್ನಿಂದ ಆಗಲಿಲ್ಲ. ಸೀಟು ಅವಳದಾಗಿದ್ದನ್ನು ಹೇಗೋ ಸಹಿಸಬಹುದಿತ್ತು. ಅದನ್ನು ಅವಳ ಕೈಯಿಂದ ಪಡೆದು, ಜೀವನವಿಡೀ ಅವಳು ನನಗಿಂತ ದೊಡ್ಡವಳಾಗಿ ಉಳಿಯುವುದನ್ನು ಸಹಿಸಲಾಗುತ್ತಿರಲಿಲ್ಲ. ನಾನು ಬಾಯಿಬಿಟ್ಟದ್ದು ಇದಕ್ಕೇ. ಒಳ್ಳೆಯತನದಿಂದ ಹೇಳಿದೆ ಎಂದು ಯಾರೂ ತಿಳಿಯಬಾರದು.

"ಅವತ್ತು ಡೈರಿಯಲ್ಲಿ ಅವರು ಆಡಿದ್ದು ನಂಗೆ ಕೇಳಿಸಿತ್ತು," ಎಂದೆ.

"ಯಾರು ಆಡಿದ್ದು?"

"ಆ ಹಸಿರು ಟವೆಲಿನವರು. ನೂರಾ ಎಂಬತ್ತೆಂಟು ಅಂತ ಜಂಬ ಪಡ್ತಿದ್ರು. ಜಾಸ್ತಿ ಇದ್ರೆ ಒಳ್ಳೇದು ಅನ್ಕೊಂಡಿದಾರೆ ಅಂತ ನಂಗೆ ಅಲ್ಲೇ ಗೊತ್ತಾಯ್ತು."

ಅವಳಿಗೆ ಅರ್ಥವಾಗಲು ಸಮಯ ಹಿಡಿಯಿತು.

"ಬಿದ್ದ ಮೇಲಾ, ಮುಂಚೆನಾ?"

"ಮುಂಚೆ. ನೀನು ರೊಟ್ಟಿ ತಟ್ಟೋಕೂ ಮುಂಚೆ."

"ಹೇಳ್ಬಹುದಿತ್ತಲ್ಲ ಅಕ್ಕ."

"ಹೂಂ."

"ಮತ್ತೆ ಯಾಕೆ?"

"ನೀನು ಅರ್ಜಿ ಹಾಕ್ತೀನಿ ಅಂದೆ."

ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಆ ನಾಲ್ಕು ಸಾಲುಗಳನ್ನು ಅಳಿಸಿದಳು. ಕಿತ್ತುಕೊಳ್ಳಲಿಲ್ಲ, ಬೈಯಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದಳು. "ಏನಾಯ್ತೇ?" ಎಂದು ಅವ್ವ ಕೇಳುವುದು ಕೇಳಿಸಿತು. "ಏನಿಲ್ಲ. ನಾನೇ ಹೋಗ್ತಿದೀನಿ ಬೆಂಗಳೂರಿಗೆ," ಎಂದಳು. ಒಳಗೆ ಬಂದು ಬೀರುವಿನಿಂದ ತನ್ನ ಮಾರ್ಕ್ಸ್ ಕಾರ್ಡುಗಳ ಕವರು ತೆಗೆದುಕೊಂಡಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಒಂದು ಮಾತು ಹೇಳಿದಳು, ನನ್ನ ಕಡೆ ನೋಡದೆ.

"ನಂಗೆ ಹೇಳಿದ್ದು ಸಾಕು. ಬಿದ್ದೋರು ಅವರು, ಅವರಿಗೆ ಹೇಳು."

ವೇಟಿಂಗ್ ಲಿಸ್ಟು ಕದಲಲಿಲ್ಲ. ಅವಳು ಸೇರಿದ ಮೇಲೆ ಎರಡು ತಿಂಗಳು ನನಗೆ ಫೋನು ಮಾಡಲಿಲ್ಲ. ಮೊದಲ ಟೆಸ್ಟಿನಲ್ಲಿ ಅವಳಿಗೆ ಮತ್ತೆ ಐವತ್ತರ ಆಸುಪಾಸು ಬಂತೆಂದು ಅವ್ವ ಹೇಳಿದರು. ಕೇಳಿದ ಕೂಡಲೇ ಒಂದು ಕ್ಷಣ ಸಂತೋಷವಾಯಿತು. ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ಅದಾದ ವಾರ ಆ ಊರಿಗೆ ಹೋದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರೂ ಡೈರಿಯ ಸಾಲು ಮುಗಿಯುತ್ತ ಬಂದಿತ್ತು. ಬೆಂಚಿನ ಮೇಲೆ ಬೇರೆ ನರ್ಸು ಕೂತಿದ್ದರು. ಅವರ ಮುಂದೆಯೂ ತೆಂಗಿನಮರದ ಚೀಟಿಗಳಿದ್ದವು. ರೈತ ಎಡಗೈಯಲ್ಲಿ ಕ್ಯಾನು ಹಿಡಿದು ನಿಂತಿದ್ದರು. ಬಲಗೈ ಟವೆಲಿನೊಳಗಿತ್ತು. ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ನಾನು ಯಾರು, ಏನು ಕೇಳಿಸಿಕೊಂಡೆ, ಏನು ಹೇಳಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದರು. ಮಾತು ಇನ್ನೂ ಸ್ವಲ್ಪ ತೊದಲುತ್ತಿತ್ತು.

"ಕ್ಯಾನ್ ತಾವ ನಿಂತ್ಕಂಡು ನಗ್ತಿದ್ದೋರು ನೀವೇಯಾ?"

"ಹೌದು."

"ನಾನೂ ನಕ್ಕೆ ಕಣವ್ವ ಅವತ್ತು." ಕ್ಷಮಿಸಿದ್ದೇನೆ ಎಂದೂ ಇಲ್ಲ ಎಂದೂ ಹೇಳಲಿಲ್ಲ. ಆಮೇಲೆ ಕೇಳಿದರು: "ನಮ್ ನರ್ಸವ್ವ ಯಾವಾಗ ಬತ್ತದೆ? ಅರ್ಧ ಮರ ಇಳಿದಿವ್ನಿ ಅಂತ ಏಳಿ ಅದಕ್ಕೆ."

ಅರಕಲಗೂಡು ಬಸ್‌ಸ್ಟ್ಯಾಂಡಿನಲ್ಲಿ, ಹಿಂದೆ ನಿಂತಿದ್ದ ಕಡೆಯಲ್ಲೇ ನಿಂತು ಫೋನು ತೆಗೆದೆ. ಅವರು ಕೇಳಿದ್ದು ಅವಳನ್ನು. ನನ್ನ ಮಾತು ಅವರಿಗೆ ಎಷ್ಟು ತಾಗಿತೋ ಗೊತ್ತಿಲ್ಲ. ಅದೇ ಹಳೆಯ ಹೊಟ್ಟೆಕಿಚ್ಚು ಹಾಗೆಯೇ ಇತ್ತು. ನಂಬರು ಒತ್ತಿದೆ. ಅವಳು ಎತ್ತಿದಳು.

"ಅವರಿಗೆ ಹೇಳ್ದೆ," ಎಂದೆ. "ಅರ್ಧ ಮರ ಇಳಿದಿದೀನಿ ಅಂತ ನಿಂಗೆ ಹೇಳೋಕೆ ಹೇಳಿದ್ರು."

ಅವಳು ಕೇಳಿದಳು: "ಎಷ್ಟನೇ ಗೆರೇಲಿದಾರೆ ಅಕ್ಕ? ಚೀಟಿ ನೋಡಿದ್ಯಾ?"

ನೋಡಿರಲಿಲ್ಲ. ಅದನ್ನೂ ಹೇಳಿದೆ.